ಎಂಜಲಿನ ಇಟ್ಟಿಗೆ

ಗೃಹಪ್ರವೇಶಕ್ಕೆ ನಾಲ್ಕು ದಿನ ಇರುವಾಗ ಅಲಮೇಲಮ್ಮ ಹೊಸ ಮನೆಯ ಗೇಟಿನಲ್ಲೇ ನಿಂತುಬಿಟ್ಟರು. ಗೋಡೆಯ ಇಟ್ಟಿಗೆಗಳೆಲ್ಲ ಬೀದಿಯಲ್ಲಿ ಆಯ್ದ ಪ್ಲಾಸ್ಟಿಕ್ ಬಾಟಲಿಗಳಿಂದ ಆದವು ಎಂದು ಮೇಸ್ತ್ರಿ ಆಗಷ್ಟೇ ಹೆಮ್ಮೆಯಿಂದ ಹೇಳಿದ್ದ.

"ಯಾರ್ಯಾರೋ ಬಾಯಿಟ್ಟು ಕುಡಿದು ಬಿಸಾಕಿದ್ದು. ಇದು ಮನೆಯಲ್ಲ ಕಣೋ, ಎಂಜಲು. ನಾನು ಒಳಗೆ ಕಾಲಿಡಲ್ಲ."

ಮಗ ಗೇಟಿಗೆ ಓಡಿಬಂದ. ಅಮ್ಮ ಹಾಲುಕ್ಕಿಸದಿದ್ದರೆ ನೆಂಟರ ಮುಂದೆ ಮಾನ ಉಳಿಯುವುದಿಲ್ಲ. ಆಕೆಯ ಮಡಿಯೋ ಊರಿಗೇ ಗೊತ್ತು. ಎದುರಿನ ಬೇಕರಿಯ ಮೊಟ್ಟೆ ವಾಸನೆ ತಾಗದಿರಲೆಂದು ಆರು ತಿಂಗಳಿಂದ ಸೆರಗಿನಲ್ಲಿ ಮೂಗು ಮುಚ್ಚಿಕೊಂಡೇ ಕಟ್ಟಡದ ಕೆಲಸ ನೋಡಲು ಬರುತ್ತಿದ್ದವರು.

"ಅಮ್ಮ, ಬಾಟಲಿನ ಹಾಗ್ಹಾಗೇ ಇಡೋದಲ್ಲ. ತೊಳೆದು, ಪುಡಿ ಮಾಡಿ, ಬೆಂಕೀಲಿ ಕರಗಿಸ್ತಾರೆ. ಬೆಂಕಿ ಮುಟ್ಟಿದ ಮೇಲೆ ಇನ್ಯಾವ ಮೈಲಿಗೆ ಉಳಿಯತ್ತೆ, ನೀನೇ ಹೇಳು."

"ಚೆನ್ನಾಗಿ ಬೆಂದಿರತ್ತಾ?"

"ಇನ್ನೂರು ಡಿಗ್ರಿ ಶಾಖದಲ್ಲಿ."

"ಅಂದ್ರೆ, ಮೊದಲು ಏನೇ ಆಗಿರ್ಲಿ, ಬೆಂಕಿ ಮುಟ್ಟಿದ್ರೆ ಶುದ್ಧ ಅಂತೀಯ."

"ಏನೇ ಆಗಿರ್ಲಿ. ಬೇಕಾದ್ರೆ ಬರ್ದುಕೊಡ್ತೀನಿ."

ಅಲಮೇಲಮ್ಮ ಒಳಗೆ ಬಂದು, ಗೋಡೆಯನ್ನು ಒಮ್ಮೆ ಸವರಿ ನೋಡಿ, ಕಿಟಕಿಯ ಕಟ್ಟೆಯ ಮೇಲೆ ಕುಳಿತರು. ಮಗ ನಿಟ್ಟುಸಿರು ಬಿಟ್ಟ.

"ಸರಿ ಹಾಗಾದ್ರೆ, ಎದುರಿನ ಬೇಕರಿಯಿಂದ ಒಂದು ಎಗ್ ಪಫ್ ತಂದುಕೊಡು," ಎಂದರು ಅವರು, ಮೂಗಿನಿಂದ ಸೆರಗು ಸರಿಸುತ್ತ. "ಇನ್ನೆಷ್ಟು ದಿನ ಅಂತ ಮೂಗು ಮುಚ್ಕೊಂಡು ತಡ್ಕೊಳ್ಳಲಿ."