ಖಾಲಿ ಸೀಟಿನ ವಿಮಾನ

ಕಡಲು ಏರಿ ಕಾಪು ಊರು ದ್ವೀಪವಾದ ಮೇಲೆ, ಮುಳುಗದೆ ಉಳಿದ ಹೆದ್ದಾರಿಯ ತುಂಡೇ ಅಲ್ಲಿನ ರನ್‌ವೇ. ವಾರಿಜಕ್ಕ ದಿನಾ ಬಂಗುಡೆ ಮೀನಿನ ಬುಟ್ಟಿ ಹೊತ್ತು ಅಲ್ಲಿಂದಲೇ ಮಣಿಪಾಲ ಗುಡ್ಡದ ಮಾರುಕಟ್ಟೆಗೆ ಹಾರುತ್ತಿದ್ದಳು. ಆ ಬೆಳಿಗ್ಗೆ ಅವಳು ಟಿಕೆಟ್ ತೆಗೆದಿದ್ದ ಕಂಪನಿಯ ವಿಮಾನ ಕೆಟ್ಟು ನಿಂತಿತು. ಪಕ್ಕದಲ್ಲೇ ಇನ್ನೊಂದು ಕಂಪನಿಯ ವಿಮಾನ ಅದೇ ಗುಡ್ಡಕ್ಕೆ ಹೊರಟು ನಿಂತಿತ್ತು, ಅರ್ಧ ಸೀಟು ಖಾಲಿ.

ಹಿಂದೆಲ್ಲ ಒಬ್ಬರದು ಕೆಟ್ಟರೆ ಇನ್ನೊಬ್ಬರು ಹತ್ತಿಸಿಕೊಳ್ಳುತ್ತಿದ್ದರು. ಈಗ ಅದಕ್ಕೂ ನಿಯಮ ಬಂದಿತ್ತು.

“ಆಗುದಿಲ್ಲ ಅಕ್ಕ,” ಎಂದ ನಿಲ್ದಾಣದ ಅಧಿಕಾರಿ ದಿವಾಕರ. “ಎರಡು ಕಂಪನಿ ಸೇರಿ ಜನ ಹಂಚಿಕೊಂಡ್ರೆ ಒಳಸಂಚು ಅಂತ ದಂಡ ಹಾಕ್ತಾರೆ. ಪೈಪೋಟಿ ಇದ್ರೆ ನಿಮಗೇ ಒಳ್ಳೇದಲ್ವಾ?”

“ಹಾಗಾದ್ರೆ ಹೊಸ ಟಿಕೆಟ್ ಕೊಡು.”

“ಒಂದು ದಿನಕ್ಕೆ ಒಬ್ಬರಿಗೆ ಒಂದೇ ಕಂಪನಿ.”

“ನನ್ನ ಮೀನು ಕೊಳೆಯುದು ಯಾರ ಒಳ್ಳೇದಕ್ಕೆ ಮಾರಾಯ?”

ಅವನು ಆ ವಿಮಾನ ಹೊರಡಲೆಂದು ಹಸಿರು ಬಾವುಟ ಎತ್ತಿದ. ಬುಟ್ಟಿಯ ಐಸ್ ಕರಗಿ ವಾರಿಜಕ್ಕನ ಕುತ್ತಿಗೆಗೆ ಇಳಿಯುತ್ತಿತ್ತು. ಆದರೂ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಸೀದಾ ರನ್‌ವೇ ನಡುವಿಗೆ ನಡೆದು ಬುಟ್ಟಿಯಲ್ಲಿದ್ದ ಮೀನನ್ನೆಲ್ಲ ಸುರಿದುಬಿಟ್ಟಳು.

ಮೊದಲು ಕಾಗೆಗಳು ಬಂದವು. ಆಮೇಲೆ ಕಡಲ ಮೇಲೆ ಸುತ್ತುತ್ತಿದ್ದ ಹದ್ದುಗಳೆಲ್ಲ ಇಳಿದವು. ಆ ರೆಕ್ಕೆಗಳ ಗದ್ದಲದೊಳಗೆ ವಿಮಾನ ನುಗ್ಗಿಸುವ ಧೈರ್ಯವಿಲ್ಲದೆ ಪೈಲಟ್ ಎಂಜಿನ್ ಆರಿಸಿದ.

“ಮೀನು ಹೆಕ್ಕಿ ಅಕ್ಕ, ದಮ್ಮಯ್ಯ!” ಎನ್ನುತ್ತ ದಿವಾಕರ ಓಡಿ ಬಂದ.

ವಾರಿಜಕ್ಕ ಬುಟ್ಟಿ ಕವುಚಿ ಅದರ ಮೇಲೆ ಕುಳಿತಳು.

“ಈಗ ಎರಡು ಕಂಪನಿಯೂ ಸಮ ಆಯ್ತು. ಪೈಪೋಟಿ ಮಾಡ್ಲಿ, ನೋಡುವ.”