ಯಾರ ಮೈಗೆ

ಬಸ್ ಡ್ರೈವರ್ ಈರಸಂಗಪ್ಪನಿಗೆ ಹೆಚ್ಚು ರಜೆ ಉಳಿದಿರಲಿಲ್ಲ. ಪ್ರಾಸ್ಟೇಟ್ ಕ್ಯಾನ್ಸರಿಗೆ ನಲವತ್ತು ದಿನ ಸಣ್ಣ ಡೋಸ್ ವಿಕಿರಣ ಕೊಡಬಹುದಿತ್ತು, ಇಲ್ಲವೇ ಐದು ದಿನ ದೊಡ್ಡದು.

"ಐದಾದ್ರ ಮೂತ್ರದ ತ್ರಾಸ ಜಾಸ್ತಿ. ಯಾರ ಮೈಗೆ ಬರೀಲಿ?" ಎಂದ ಡಾಕ್ಟರ್. ರೋಗಿಯ ಅಡ್ಡಪರಿಣಾಮವನ್ನು ಮನೆಯವರ ಮೈಗೆ ದಾಟಿಸುವುದು ಆಗ ಮಾಮೂಲಾಗಿತ್ತು.

"ಐದ ಸಾಕು. ಇಕಿ ಮೈಗೆ ಬರೀರಿ."

ಹೆಂಡತಿ ನೀಲವ್ವ ಗಂಡನ ತೋಳು ಹಿಡಿದಳು. ಮಾವನ ಅಡ್ಡಪರಿಣಾಮ ಹೊತ್ತ ಎದುರುಮನೆ ಸೊಸೆ ಎರಡು ವರ್ಷದಿಂದ ಹೊಸ್ತಿಲು ದಾಟಿರಲಿಲ್ಲ.

"ನಲವತ್ತ ತಗೋರಿ. ಮಗ್ಗದಾಗ ಹೆಂಗ ಕುಂದರ್ಲಿ?"

"ಅಷ್ಟು ದಿನ ಬಸ್ ನೀ ಹೊಡೀತಿಯೇನ?"

ಡಾಕ್ಟರ್ ನಕ್ಕ. ಅವಳು ಹೆಬ್ಬೆಟ್ಟು ಒತ್ತಿದಳು.

ಆರನೆಯ ದಿನ ಈರಸಂಗಪ್ಪ ಕೆಲಸಕ್ಕೆ ಹೋದ. ಅವನಿಗೆ ಹೋದದ್ದು ಐದು ದಿನ. ನೀಲವ್ವನಿಗೆ ಮೂತ್ರದ ಹಿಡಿತ ಹೋಯಿತು, ಮೂವತ್ತೊಂದು ವರ್ಷ ಸೀರೆ ನೇಯ್ದ ಮಗ್ಗ ಹೋಯಿತು.