ನೀಲವೇಣಿಯ ಹೆಚ್ಚುವರಿ ನಕ್ಷತ್ರಗಳು

ಲೋ ಚಿಕ್ಕರಂಗಪ್ಪ, ಕೇಳಿಸ್ಕೋ. ಮೊಮ್ಮಗಳು ನೀಲವೇಣಿ ಬಿಕಾಂ ಪಾಸಾದ್ಲು. ಡಿಗ್ರಿಗೆ ಬೇಕಾದ್ದಕ್ಕಿಂತ ಹೆಚ್ಚು ಕಲ್ತಿದ್ರೆ, ಅದನ್ನ ಸರ್ಕಾರಕ್ಕೆ ವಾಪಸ್ ಕೊಟ್ಟೇ ಸರ್ಟಿಫಿಕೇಟ್ ತಗೋಬೇಕಲ್ಲ? ಇವಳು ಆಸೆಗೆ ಬಿದ್ದು ಖಗೋಳಶಾಸ್ತ್ರದ ಕ್ಲಾಸಿಗೂ ಹೋಗಿ ಕೂತಿದ್ಲು. ಕೌಂಟರಿನಲ್ಲಿ ತಲೆಗೊಂದು ಟೋಪಿ ಇಟ್ಟು ಹೆಚ್ಚಿಗೆ ಕಲ್ತಿದ್ದನ್ನ ಎಳ್ಕೋತಾರೆ. ನೋವೇನಿಲ್ಲ, ಕ್ಷೌರ ಮಾಡಿಸ್ಕೊಂಡ ಹಾಗೆ.

ಕ್ಯೂನಲ್ಲಿ ಹುಡುಗಿ ಅಳೋಕೆ ಶುರು ಮಾಡಿದ್ಲು. "ತಾತಾ, ನನ್ನ ನಕ್ಷತ್ರ ಎಲ್ಲಾ ಹೋಗ್ಬಿಡುತ್ತೆ."

"ನಂಗೆ ಹೇಳಿಬಿಡೇ. ನಾಲ್ಕನೇ ಕ್ಲಾಸು ಫೇಲಾದ ತಲೆ, ಬೇಕಾದಷ್ಟು ಜಾಗ ಇದೆ" ಅಂದೆ.

ಎಲ್ಲರೂ ಹಾಗೇ ಮಾಡೋದು. ಮುಂದೆ ನಿಂತಿದ್ದ ಹುಡುಗನ ಅಜ್ಜಿ ಆಗ್ಲೇ ಜರ್ಮನ್ ಮಾತಾಡ್ತಿದ್ಲು. ಇವಳು ಬಡಬಡ ಹೇಳಿದ್ಲು, ನಾನು ತಲೆ ಆಡಿಸ್ದೆ, ಮಧ್ಯೆ ಒಂಚೂರು ತೂಕಡಿಸ್ದೆ.

ಟೋಪಿ ಇಟ್ಟು ಎಳ್ಕೊಂಡು ಸರ್ಟಿಫಿಕೇಟ್ ಕೊಟ್ರು. ಸಂಜೆ ಬಸ್ ಸ್ಟ್ಯಾಂಡಲ್ಲಿ ಆಕಾಶ ನೋಡ್ತಾ, "ತಾತಾ, ಶನಿಗ್ರಹದ ಬಗ್ಗೆ ನಿಂಗೇನೋ ಹೇಳಿದ್ನಲ್ಲ, ಏನದು?" ಅಂದ್ಲು.

ನಂಗೆ ಉಂಗುರ ಅನ್ನೋದಷ್ಟೇ ನೆನಪಿತ್ತು. "ಮದುವೇಲಿ ಮಾವ ತೊಡಿಸಿದ ಉಂಗುರ ಕಣೇ. ಬಿಗಿಯಾಗಿ ಕೂತ್ಬಿಟ್ಟಿದೆ. ಪಾಪ, ಇನ್ನೂ ಸೋಪು ಹಚ್ಕೊಂಡು ತಿರುಗಿಸ್ತಾ ಇದಾನೆ" ಅಂದೆ.

"ಇದು ನಿಜಾನಾ ತಾತಾ?"

"ನಿಜ ಆದ್ರೆ ಸರ್ಕಾರ ಕಿತ್ಕೊಳ್ಳುತ್ತೆ. ಸುಮ್ನೆ ಕೇಳು."